ತಣ್ಣಗಿದ್ದ ಕೈಯ ವರದಿ

ಸಂಜೆ ನಾಲ್ಕು ಗಂಟೆ ನಲವತ್ತು ನಿಮಿಷಕ್ಕೆ ಅವಳು ಆಸ್ಪತ್ರೆಯ ನರಪರೀಕ್ಷೆ ಕೊಠಡಿಯ ಬಾಗಿಲನ್ನು ಭುಜದಿಂದ ತಳ್ಳಿಕೊಂಡು ಒಳಗೆ ಬಂದಳು. ಕೈಯಿಂದ ತಳ್ಳುವಷ್ಟು ಬಲ ಆ ಹೊತ್ತಿಗೆ ಉಳಿದಿರಲಿಲ್ಲ.

ಯಂತ್ರದ ತಂತಿಗಳನ್ನು ಸುತ್ತಿಡುತ್ತಿದ್ದ ಟೆಕ್ನೀಷಿಯನ್ ತಲೆಯೆತ್ತಿದ.

"ಪರೀಕ್ಷೆ ಸಮಯ ಮುಗೀತು. ನಾಳೆ ಬೆಳಗ್ಗೆ ಬನ್ನಿ."

"ಬೆಳಗ್ಗೆ ಬಂದಿದ್ದೆ. ಮೂರು ವಾರದ ಹಿಂದೆ, ಎಂಟೂವರೆಗೆ." ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದ ಕಾಗದವನ್ನು ಅವಳು ಅವನ ಮೇಜಿನ ಮೇಲೆ ಬೀಳಿಸಿದಳು. "ಇದನ್ನ ಬರೆದಿದ್ದು ನೀವೇ. ಓದಿ."

ಅದರಲ್ಲಿ ಇದ್ದದ್ದು ಎರಡೇ ಸಾಲು. ನರಗಳ ಪ್ರತಿಕ್ರಿಯೆ ಸಹಜ. ರೋಗಿ ಪೂರ್ಣ ಪ್ರಯತ್ನ ಮಾಡಲಿಲ್ಲ.

"ಪೂರ್ಣ ಪ್ರಯತ್ನ ಮಾಡಲಿಲ್ಲ ಅಂದ್ರೆ ಏನ್ರೀ? ನಾನು ನಾಟಕ ಆಡ್ದೆ ಅಂತಾನಾ?"

ಅವನು ಕುರ್ಚಿ ಎಳೆದುಕೊಟ್ಟ. "ಮೊದಲು ಕೂತ್ಕೊಳ್ಳಿ."

"ಕೂರಲ್ಲ. ಕೂತ್ರೆ ಬಲ ವಾಪಸ್ ಬಂದ್ಬಿಡತ್ತೆ. ಇಷ್ಟು ಕಷ್ಟಪಟ್ಟು ಸುಸ್ತಾಗಿ ಬಂದಿದೀನಿ, ಹಾಳು ಮಾಡ್ಬೇಡಿ."

ಅವನಿಗೆ ನಗು ಬಂತು. ಅವಳ ಮುಖ ನೋಡಿ ನುಂಗಿಕೊಂಡ. ಅವಳ ಎಡ ರೆಪ್ಪೆ ಅರ್ಧ ಮುಚ್ಚಿತ್ತು. ತೆರೆದಿದ್ದ ಅರ್ಧದಲ್ಲೇ ಸಾಕಷ್ಟು ಸಿಟ್ಟಿತ್ತು.

ಅವಳು ಶಾಲಾ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್. ಇಪ್ಪತ್ತನಾಲ್ಕು ಪದರ ಬಟ್ಟೆ ಹಾಸಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಒಂದೇ ಬಾರಿಗೆ ಕತ್ತರಿಸುವುದು ಅವಳ ಕೆಲಸ. ಬೆಳಗ್ಗೆ ಅವಳ ಗೆರೆ ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ಮಧ್ಯಾಹ್ನ ಎರಡು ದಾಟಿದರೆ ಕತ್ತರಿಯ ಬಾಯಿ ಬಿಡಿಸಲೂ ಆಗುತ್ತಿರಲಿಲ್ಲ. ಅರ್ಧ ಗಂಟೆ ಒರಗಿದರೆ ಬಲ ಮರಳುತ್ತಿತ್ತು, ಏನೂ ಆಗಿರಲೇ ಇಲ್ಲವೆಂಬಂತೆ.

ಎರಡು ವರ್ಷದಲ್ಲಿ ನಾಲ್ವರು ವೈದ್ಯರು. ಒಬ್ಬರು ವಿಟಮಿನ್ ಕೊಟ್ಟರು. ಒಬ್ಬರು ಥೈರಾಯ್ಡ್ ಅಂದರು. ಮೂರನೆಯವರು ಮದುವೆ ಯಾವಾಗ ಎಂದು ಕೇಳಿದರು. ನಾಲ್ಕನೆಯವರು ಈ ಆಸ್ಪತ್ರೆಯ ಡಾಕ್ಟರಮ್ಮ. ಈ ವರದಿ ನೋಡಿ ಮನೋವೈದ್ಯರಿಗೆ ಚೀಟಿ ಬರೆದರು. ಅವಳನ್ನು ಸಾಕಿದ ಚಿಕ್ಕಮ್ಮ ಚೀಟಿ ಓದಿ, "ಮನಸ್ಸು ಗಟ್ಟಿ ಮಾಡ್ಕೋ ಮಗಳೇ" ಎಂದು ತಲೆ ಸವರಿದ್ದರು. ಅದೇ ಎಲ್ಲಕ್ಕಿಂತ ಹೆಚ್ಚು ಚುಚ್ಚಿತ್ತು.

ತಿಂಗಳ ಕೊನೆಯೊಳಗೆ ವೈದ್ಯರ ಪತ್ರ ತರದಿದ್ದರೆ ಕತ್ತರಿಸುವ ಮೇಜಿನಿಂದ ತೆಗೆದು ಪ್ಯಾಕಿಂಗ್‌ಗೆ ಹಾಕುವುದಾಗಿ ಸೂಪರ್‌ವೈಸರ್ ಹೇಳಿಯಾಗಿತ್ತು. ಇನ್ನು ಉಳಿದಿದ್ದು ಒಂಬತ್ತು ದಿನ.

"ಇವತ್ತು ಬೆಳಗ್ಗೆಯಿಂದ ಒಂದು ನಿಮಿಷ ಕೂತಿಲ್ಲ. ಈಗ ಪರೀಕ್ಷೆ ಮಾಡಿ. ಈಗಲೂ ಸಹಜ ಅಂತ ಬಂದ್ರೆ ನಾನೇ ಆ ಮನೋವೈದ್ಯರ ಹತ್ರ ಹೋಗ್ತೀನಿ."

ಅವನು ರಿಜಿಸ್ಟರ್ ತೆಗೆದು ಮೂರು ವಾರದ ಹಿಂದಿನ ಪುಟ ತಿರುವಿದ. ಅವಳ ಸಾಲಿನಲ್ಲಿ ಒಂದು ಕಡೆ ಖಾಲಿ ಇತ್ತು. ಕೈಯ ಉಷ್ಣಾಂಶ ಬರೆಯಬೇಕಿದ್ದ ಜಾಗ. ಅವನು ಅದನ್ನೇ ನೋಡುತ್ತ ನಿಂತುಬಿಟ್ಟ.

"ಏನಾಯ್ತು?"

"ಅವತ್ತು ಉಷ್ಣಮಾಪಕ ಕೆಟ್ಟಿತ್ತು. ಅಳೆಯದೇ ಪರೀಕ್ಷೆ ಮಾಡ್ದೆ." ಅವನ ದನಿ ಇಳಿಯಿತು. "ಕೈ ತಣ್ಣಗಿದ್ರೆ, ದಣಿದಾಗ ಬಲ ಹೋಗೋ ಥರದ ಕಾಯಿಲೆ ಯಂತ್ರಕ್ಕೆ ಕಾಣದೇ ಹೋಗ್ಬಹುದು. ಬೆಚ್ಚಗೆ ಮಾಡೇ ನೋಡ್ಬೇಕು. ನಿಮ್ಮ ಕೈ ಅವತ್ತು ಮಂಜುಗಡ್ಡೆ ಇದ್ದಂಗಿತ್ತು."

"ದಿನಾ ಎಷ್ಟೋ ಕೈ ಹಿಡೀತೀರ. ನನ್ನದು ಹೆಂಗಿತ್ತು ಅಂತ ನೆನಪಿದೆಯಾ?"

"ನೆನಪಿದೆ," ಎಂದಷ್ಟೇ ಹೇಳಿ ಅವನು ಫೋನ್ ಎತ್ತಿಕೊಂಡ.

ಅವನಿಗೇಕೆ ನೆನಪಿರಬೇಕು... ಎಂದುಕೊಂಡವಳು, ಇದು ಅದಕ್ಕೆಲ್ಲ ಹೊತ್ತಲ್ಲ ಎಂದು ತನ್ನನ್ನೇ ಗದರಿಕೊಂಡಳು.

ಡಾಕ್ಟರಮ್ಮ ಇನ್ನೂ ಮೇಲಿನ ಮಹಡಿಯಲ್ಲಿದ್ದರು. ಮಾಡು, ಬರುತ್ತೇನೆ ಎಂದರು. ಅವನು ಎ.ಸಿ. ಆರಿಸಿ, ಬಿಸಿನೀರಿನ ಚೀಲವನ್ನು ಟವೆಲಿನಲ್ಲಿ ಸುತ್ತಿ ಅವಳ ಅಂಗೈ ಕೆಳಗಿಟ್ಟ. ಹೊಸ ಉಷ್ಣಮಾಪಕ ಮೂವತ್ನಾಲ್ಕು ಡಿಗ್ರಿ ತೋರಿಸುವವರೆಗೂ ಕಾದ. ಆಮೇಲೆ ಮಣಿಕಟ್ಟಿನ ನರಕ್ಕೆ ಸೆಕೆಂಡಿಗೆ ಮೂರರಂತೆ ಸಣ್ಣ ಶಾಕ್ ಕೊಟ್ಟ.

ಪರದೆಯ ಮೇಲೆ ಅಲೆಗಳು ಮೂಡಿದವು. ಮೊದಲನೆಯದು ಎತ್ತರ. ಎರಡನೆಯದು ಗಿಡ್ಡ. ನಾಲ್ಕನೆಯದು ಇನ್ನೂ ಗಿಡ್ಡ.

"ಹತ್ತನೇ ಕ್ಲಾಸಿಂದ ಒಂದನೇ ಕ್ಲಾಸಿನವರೆಗೆ ಪ್ಯಾಂಟ್ ಜೋಡಿಸಿಟ್ಟಂಗಿದೆ," ಎಂದಳು ಅವಳು.

"ಹೌದು. ಎಲ್ಲ ಒಂದೇ ಅಳತೆ ಇರ್ಬೇಕಿತ್ತು. ಹತ್ತು ಪರ್ಸೆಂಟ್ ಇಳಿದ್ರೇ ಅನುಮಾನ. ಇದು ಮೂವತ್ತೊಂದು."

ಅವಳಿಗೆ ಅಳು ಬಂತು. ಕಾಯಿಲೆ ಇದೆ ಎಂದು ತಿಳಿದು ಇಷ್ಟು ಹಗುರಾಗಬಹುದು ಎಂದು ಅವಳಿಗೆ ಗೊತ್ತೇ ಇರಲಿಲ್ಲ.

ಡಾಕ್ಟರಮ್ಮ ಬಂದು ಪರದೆಯನ್ನು ಬಹಳ ಹೊತ್ತು ನೋಡಿದರು. "ನರ ಸ್ನಾಯುವಿಗೆ ಸೇರೋ ಜಾಗದಲ್ಲಿ ತೊಂದರೆ ಇದೆ. ನಾನು ಅವಸರ ಮಾಡಿದೆ ಕಣಮ್ಮ. ಆ ಮನೋವೈದ್ಯರ ಚೀಟಿ ಹರಿದು ಹಾಕು."

"ನೀವೇ ಹರೀರಿ ಡಾಕ್ಟ್ರೇ. ನನ್ನ ಕೈಲಿ ಈಗ ಆಗಲ್ಲ."

ಡಾಕ್ಟರಮ್ಮ ಹಳೆಯ ವರದಿಗೆ ಪಿನ್ ಮಾಡಿದ್ದ ಚೀಟಿ ಬಿಡಿಸಿ ನಾಲ್ಕು ಚೂರು ಮಾಡಿದರು.

ಹೊಸ ವರದಿಯ ಕೊನೆಯಲ್ಲಿ ಟೆಕ್ನೀಷಿಯನ್ ಒಂದು ಸಾಲು ಸೇರಿಸಿದ. ಹಿಂದಿನ ಪರೀಕ್ಷೆ ಕೈಯ ಉಷ್ಣಾಂಶ ಅಳೆಯದೆ ಮಾಡಿದ್ದು, ಅದನ್ನು ಪರಿಗಣಿಸಬಾರದು. ಕೆಳಗೆ ಸಹಿ.

"ಇದಕ್ಕೆ ನಿಮಗೆ ಬೈಯಲ್ವಾ?"

"ಬೈತಾರೆ. ಬೈಸ್ಕೊತೀನಿ."

ಮರುದಿನ ಕಾರ್ಖಾನೆಯಲ್ಲಿ ಡಾಕ್ಟರಮ್ಮನ ಪತ್ರ ಹಿಡಿದು ಅವಳು ಸೂಪರ್‌ವೈಸರ್ ಮುಂದೆ ನಿಂತಳು.

"ಇದರಲ್ಲಿ ಕಾಯಿಲೆ ಹೆಸರೇ ಇಲ್ವಲ್ಲಮ್ಮ," ಎಂದ ಅವನು.

"ಬರತ್ತೆ. ಅಲ್ಲಿವರೆಗೆ ಬೆಳಗ್ಗೆ ಏಳರಿಂದ ಹನ್ನೊಂದು ನಾನು ಕತ್ತರಿಸ್ತೀನಿ, ಆಮೇಲೆ ಕೂತು ಗುರುತು ಹಾಕ್ತೀನಿ. ನನ್ನ ಗೆರೆ ತಪ್ಪಿದ ದಿನ ಪ್ಯಾಕಿಂಗ್‌ಗೆ ಕಳ್ಸಿ."

ಅವನು ಒಪ್ಪಿದ. ಗೆರೆ ತಪ್ಪಲಿಲ್ಲ.

ರಕ್ತದ ಮೊದಲ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಕಾಯಿಲೆ ಹುಟ್ಟಿನಿಂದಲೇ ಬಂದದ್ದಿರಬಹುದೆಂದು ಡಾಕ್ಟರಮ್ಮ ವಂಶವಾಹಿ ಪರೀಕ್ಷೆಗೆ ಕಳಿಸಿದರು. ಈ ಕಾಯಿಲೆಯ ಒಂದು ಬಗೆಗೆ ಒಗ್ಗುವ ಮಾತ್ರೆ ಇನ್ನೊಂದು ಬಗೆಯನ್ನು ಹೆಚ್ಚಿಸುತ್ತದೆ, ಹೆಸರು ಗೊತ್ತಾಗುವವರೆಗೆ ಕಾಯಬೇಕು ಎಂದರು. ಕಾಯುವ ವಾರಗಳಲ್ಲಿ ಅವಳು ತಪಾಸಣೆಗೆ ಬಂದಾಗಲೆಲ್ಲ ಟೆಕ್ನೀಷಿಯನ್ ಬಾಗಿಲು ತೆರೆದು ಹಿಡಿದು ನಿಂತಿರುತ್ತಿದ್ದ.

ಆರನೇ ವಾರ ಅವನು ತಲೆ ತಗ್ಗಿಸಿ ಹೇಳಿದ, "ಇನ್ಮೇಲೆ ನಿಮ್ಮ ಪರೀಕ್ಷೆ ಬೇರೆಯವರು ಮಾಡ್ತಾರೆ. ನಾನೇ ಕೇಳಿ ಬದಲಾಯಿಸ್ಕೊಂಡೆ."

ಇವನೂ ಅಷ್ಟೇನಾ... ಎಂದುಕೊಂಡಳು.

"ಕಾಯಿಲೆಗೆ ಹೆದರಿದ್ರಾ? ಅದಕ್ಕಿನ್ನೂ ಹೆಸರೇ ಬಂದಿಲ್ಲ."

"ಅದಕ್ಕಲ್ಲ. ರೋಗಿಯ ಮನೆಗೆ ಟೆಕ್ನೀಷಿಯನ್ ಹೋಗೋದು ಸರಿಯಲ್ಲ. ನಂಗೆ ನಿಮ್ಮನ್ನ ಕೇಳೋಕೆ ಬರ್ಬೇಕು ಅನ್ನಿಸ್ತಿದೆ."

ಅವಳು ಕುರ್ಚಿ ಎಳೆದು ಕೂತಳು.

"ಸಂಜೆ ಆದ್ರೆ ನನ್ನ ಕೈ ಮೇಲೇಳಲ್ಲ. ಕರುಣೆಯಿಂದ ಬರೋದಾದ್ರೆ ಬರ್ಲೇಬೇಡಿ."

"ಕರುಣೆನಾ? ನಿಮ್ಮ ಮೇಲೆ ಕರುಣೆ ತೋರ್ಸೋಕೆ ನಂಗೆಲ್ಲಿ ಧೈರ್ಯ? ನಂಗೆ ನೀವು ಬೇಕು. ಇಷ್ಟೇ ವಿಷಯ."

"ಚಿಕ್ಕಮ್ಮ ಕೇಳ್ತಾರೆ, ಹುಡುಗನ ಕೆಲಸ ಏನು ಅಂತ."

"ಏನಂತೀರ?"

"ಕರೆಂಟ್ ಶಾಕ್ ಕೊಡೋದು ಅಂತೀನಿ."

"ಅವರು ಒಪ್ದಿದ್ರೆ?"

"ಒಪ್ಪಿಸ್ತೀನಿ. ನಾಲ್ಕು ಡಾಕ್ಟ್ರನ್ನ ಎದುರಿಸಿದೀನಿ, ಒಬ್ಬ ಚಿಕ್ಕಮ್ಮ ಯಾವ ಲೆಕ್ಕ?" ಅವಳು ಕೈ ಚಾಚಿದಳು. "ನೋಡಿ ಹೇಳಿ, ಇವತ್ತು ಎಷ್ಟು ಡಿಗ್ರಿ."

ಅವನು ಉಷ್ಣಮಾಪಕ ಮುಟ್ಟಲಿಲ್ಲ. ಅವಳ ಕೈಯನ್ನು ತನ್ನ ಎರಡೂ ಕೈಯೊಳಗೆ ಇಟ್ಟುಕೊಂಡ.

ಹನ್ನೊಂದನೇ ವಾರ ವರದಿ ಬಂತು. ಕಾಯಿಲೆಯ ಹೆಸರು ಒಂದೂವರೆ ಸಾಲಿನಷ್ಟು ಉದ್ದವಿತ್ತು. ಮರುದಿನ ಬೆಳಗ್ಗೆ ಆರೂವರೆಗೆ ಅವಳು ಮೊದಲ ಮಾತ್ರೆ ನುಂಗಿ ಕೆಲಸಕ್ಕೆ ಹೊರಟಳು.