ಉಡ ಹೊತ್ತು ಬಂದ ದೊಡ್ಡತ್ತೆ

ಬೆಟ್ಟಗಳು ಇನ್ನೂ ಎದ್ದು ಓಡಾಡಿ ತಮಗೊಪ್ಪುವ ಜಾಗ ಹುಡುಕುತ್ತಿದ್ದ ಕಾಲ. ಆಗ ಕುಂಭಾವತಿ ಎಂಬ ರಾಜ್ಯವಿತ್ತು. ಅಲ್ಲಿಯ ಜನ ಬಲು ಮರ್ಯಾದಸ್ಥರು. ಮನೆಗೆ ಬಂದವರು ಹೊರಟರೆ ಹೊಸ್ತಿಲ ತನಕ ಹೋಗಿ "ಹೋಗಿ ಬನ್ನಿ" ಅನ್ನಬೇಕು. ಬರೀ "ಹೋಗಿ" ಅನ್ನುವುದು ಹೆಣ ಎತ್ತುವಾಗ ಮಾತ್ರ. ಬದುಕಿದ್ದವರಿಗೆ ಹಾಗಂದರೆ ಸೂರ್ಯ ಮುಳುಗುವುದರೊಳಗೆ ಆ ಮನೆಯಲ್ಲೊಂದು ಸಾವು ಖಂಡಿತ ಎಂದು ಎಲ್ಲರೂ ನಂಬಿದ್ದರು. ಅಂದು ನೋಡುವ ಧೈರ್ಯ ಯಾರಿಗಿತ್ತು?

ಆ ರಾಜ್ಯದಲ್ಲಿ ಕೇತಕಿ ಎಂಬ ಹೆಂಗಸು ಕೌದಿ ಹೊಲಿದುಕೊಂಡು ಬದುಕುತ್ತಿದ್ದಳು. ಗಂಡ ಮಲ್ಲೋಜ ಗಂಟೆ ಎರಕ ಹೊಯ್ಯುವವನು. ಒಳ್ಳೆಯವನು. ಎಲ್ಲರಿಗೂ ಒಳ್ಳೆಯವನು, ಅದೇ ತೊಂದರೆ.

ಒಂದು ಮಧ್ಯಾಹ್ನ ಬಾಗಿಲಲ್ಲೊಬ್ಬ ಮುದುಕಿ ಬಂದು ನಿಂತಳು. ಅವಳ ಹೆಗಲ ಮೇಲೆ ಒಂದು ಉಡ ಉಗುರೂರಿ ಕೂತಿತ್ತು. ಮುದುಕಿಗೆ ಬಹಳ ನೆರಳುಗಳಿದ್ದವು. ಒಂದು ದಪ್ಪ, ಒಂದು ಗೂನು, ಒಂದಕ್ಕೆ ಕಿರೀಟವಿತ್ತು.

"ಏನೋ ಮಲ್ಲಾ, ಗುರುತು ಸಿಗಲಿಲ್ವಾ? ನಿಮ್ಮಪ್ಪನ ದೊಡ್ಡಕ್ಕ ಕಣೋ! ನಿನ್ನ ಎತ್ತಿ ಆಡಿಸಿದ ಕೈ ಇದು."

ಮಲ್ಲೋಜನಿಗೆ ಅಂಥ ಅತ್ತೆಯೊಬ್ಬಳಿದ್ದ ನೆನಪೇ ಇಲ್ಲ. ಹಾಗೆ ಹೇಳಲು ನಾಚಿಕೆಯಾಯಿತು. "ಬನ್ನಿ ದೊಡ್ಡತ್ತೆ, ಊಟಕ್ಕೇಳಿ," ಅಂದ.

ದೊಡ್ಡತ್ತೆ ಉಂಡಳು. ಬೆರಳು ನೆಕ್ಕಿ ಕೇತಕಿಯನ್ನು ನೋಡಿದಳು.

"ನಂಗೆ ನಿದ್ದೆ ಬರಲ್ಲ ತಾಯಿ. ನಿನ್ನದು ಕೊಡ್ತೀಯಾ? ಚಿಕ್ಕವಳು, ಹೇಗೋ ನಿಭಾಯಿಸ್ತೀಯ."

ಕೇತಕಿಗೆ ಕೊಡುವ ಮನಸ್ಸಿರಲಿಲ್ಲ. ಬಾಯಿ ಮಾತ್ರ, "ಅದಕ್ಕೇನಂತೆ ದೊಡ್ಡತ್ತೆ, ತಗೊಳ್ಳಿ," ಅಂದಿತು. ಮುದುಕಿ ಅವಳ ರೆಪ್ಪೆಗಳಿಂದ ನಿದ್ದೆಯನ್ನು ಹತ್ತಿಯ ಹಾಗೆ ಎಳೆದು ಸೆರಗಿಗೆ ಕಟ್ಟಿಕೊಂಡಳು.

"ಹೋಗಿ ಬನ್ನಿ," ಅಂದಳು ಕೇತಕಿ.

ಮುದುಕಿ ಹೋದಳು. ಹೋದವಳು ಬಂದಳು.

ಅಷ್ಟು ಹೊತ್ತಿಗೆ ಕೇತಕಿ ನಿದ್ದೆಗೆಟ್ಟು ಕೌದಿಯ ಜೊತೆ ತನ್ನ ಬೆರಳನ್ನೂ ಸೇರಿಸಿ ಹೊಲಿಯುತ್ತಿದ್ದಳು.

"ಏನ್ ಬಿಸಿಲು ತಾಯಿ! ನಿನ್ನ ನೆರಳು ಕೊಡು. ಒಳಗೇ ಇರೋಳಿಗೆ ನೆರಳ್ಯಾಕೆ?"

ಮಲ್ಲೋಜ ಪಿಸುಗುಟ್ಟಿದ: "ಕೊಟ್ಟುಬಿಡು ಮಾರಾಯ್ತಿ. ಒಂದು ನೆರಳಿಗೋಸ್ಕರ ನೆಂಟಸ್ತನ ಕೆಡಿಸ್ಕೊಳ್ಳೋದಾ?"

"ಹಾಗಾದ್ರೆ ನಿಮ್ಮದು ಕೊಡಿ."

"ನನ್ನ ಕೇಳಲಿಲ್ವಲ್ಲ!"

ಕೇತಕಿಯ ನೆರಳು ಕಾಲಿನಿಂದ ಬಿಟ್ಟುಬರುವಾಗ ಬಾಗಿಲವಾಡವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಿತು. ಮುದುಕಿ ಜಗ್ಗಿ ಕಿತ್ತಳು. ಆದರೂ ಕೇತಕಿ, "ಹೋಗಿ ಬನ್ನಿ," ಅಂದಳು. ಅಂದಿನಿಂದ ದೀಪದ ಬೆಳಕು ಅವಳನ್ನು ಹಾದು ಗೋಡೆಯ ಮೇಲೆ ಬೀಳುತ್ತಿತ್ತು. ಮಲ್ಲೋಜ ಅವಳನ್ನೇ ಹುಡುಕುತ್ತಾ ಬಂದು ಅವಳಿಗೇ ಡಿಕ್ಕಿ ಹೊಡೆಯುತ್ತಿದ್ದ.

ಮೂರನೆಯ ಸಲ ಬಂದ ಮುದುಕಿ ಉಡವನ್ನು ಜಗಲಿಯಲ್ಲಿಳಿಸಿ ಕಾಲು ತೊಳೆಯಲು ಹಿತ್ತಿಲಿಗೆ ಹೋದಳು. ಉಡ ಮೆಲ್ಲಗೆ ಮಾತಾಡಿತು.

"ಅಕ್ಕಾ, ನಾನೂ ಒಂದು ಮನೆಯ ಸೊಸೆ. ನಿದ್ದೆ ಕೊಟ್ಟೆ, ನೆರಳು ಕೊಟ್ಟೆ. ಆಮೇಲೆ ಹೆಸರು ಕೇಳಿದಳು, ಕೊಟ್ಟೆ. ಕೊಟ್ಟ ಗಳಿಗೆಗೇ ಬಾಲ ಮೂಡಿತು. ಕರೆಯದೆ ಅವಳು ಯಾರ ಮನೆಗೂ ಕಾಲಿಡೋ ಹಾಗಿಲ್ಲ. ಮತ್ತೆ ಕರೆಸಿಕೊಳ್ಳದೆ ಹೊರಟ ದಿನ ಸೂರ್ಯ ಮುಳುಗಿದ್ರೆ ಕಿತ್ತುಕೊಂಡದ್ದೆಲ್ಲ ಅವಳ ಕೈಬಿಡುತ್ತೆ."

"ನಾನೆಲ್ಲಿ ಕರೆದೆ?"

"ಮೊದಲು ನಿನ್ನ ಗಂಡ ಕರೆದ. ಆಮೇಲೆ ಪ್ರತಿ ಸಲ ಹೊಸ್ತಿಲಲ್ಲಿ ನಿಂತು ನೀನೇ 'ಬನ್ನಿ' ಅಂತಿದ್ದೀಯಲ್ಲ."

ಮುದುಕಿ ಒಳಗೆ ಬಂದಳು. "ಈ ಸಲ ನಿನ್ನ ಹೆಸರು ಕೊಡು ತಾಯಿ. ಹೆಸರು ಹಿಡಿದು ಕರೆಯೋರಾದ್ರೂ ಯಾರಿದ್ದಾರೆ? ಇವನಂತೂ 'ಏ ಇವಳೇ' ಅಂತಾನೆ."



"ಕೊಡಲ್ಲ ದೊಡ್ಡತ್ತೆ."

ಮಲ್ಲೋಜ ಎರಕ ಹೊಯ್ದು ಕೊಟ್ಟಿಗೆಯಲ್ಲಿಟ್ಟಿದ್ದ ಗಂಟೆಗಳೆಲ್ಲ ತಾವೇ ಹೊಡೆದುಕೊಂಡವು. ಮುದುಕಿ ಬೆಳೆದು ಬೆಳೆದು ಅವಳ ತಲೆ ಜಂತೆಗೆ ತಾಗಿತು. "ಏನಂದೆ?"

"ಕೊಡಲ್ಲ. ನಿದ್ದೆಯೂ ನೆರಳೂ ವಾಪಸ್ ಬೇಕು." ಅಂದಳು ಕೇತಕಿ.

ಮುದುಕಿ ತಟ್ಟನೆ ಕುಗ್ಗಿ, ನಕ್ಕಳು. ಆ ನಗು ಇನ್ನೂ ಭಯಂಕರವಾಗಿತ್ತು. "ಆಯ್ತು ಬಿಡು. ಹೊರಡ್ತೀನಿ. ಮರ್ಯಾದೆಯಾಗಿ ಕಳಿಸು." ಉಡವನ್ನು ಹೆಗಲಿಗೇರಿಸಿ, ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತಳು.

ಕೇತಕಿ ಗಂಡನನ್ನು ನೋಡಿದಳು. ಅವನು ಕಂಬ ತಬ್ಬಿಕೊಂಡಿದ್ದ. ಅವನ ಮೇಲೆ ಅವಳಿಗೆ ಸಿಟ್ಟಿತ್ತು, ಆದರೆ ಅವನಿಲ್ಲದ ಮನೆ ಬೇಕಿರಲಿಲ್ಲ.

"ಹೋಗಿ," ಅಂದಳು.

"ಹೂಂ, ಆಮೇಲೆ?"

"ಆಮೇಲೇನಿಲ್ಲ."

"ಗಂಡ ಸಾಯ್ತಾನೆ ಕಣೇ! ಒಂದೇ ಮಾತು. ಅಂದುಬಿಡು, ಅವನು ಬದುಕ್ತಾನೆ."

ಕೇತಕಿ ತುಟಿ ಕಚ್ಚಿ ನಿಂತಳು. ಮುದುಕಿ ಅತ್ತಳು, ಬೈದಳು, ಎದೆ ನೋವು ಅಂದಳು, ಮಲ್ಲೋಜನ ಸತ್ತ ತಾಯಿಯ ದನಿಯಲ್ಲಿ ಕರೆದಳು. ಬಿಸಿಲು ಅಂಗಳ ದಾಟಿತು, ಬೇಲಿ ದಾಟಿತು. ಮಲ್ಲೋಜ ತನ್ನ ನಾಡಿ ತಾನೇ ಹಿಡಿದು ಕೂತಿದ್ದ.

ಸೂರ್ಯ ಮುಳುಗಿದ. ಯಾರೂ ಸಾಯಲಿಲ್ಲ.

ಮುದುಕಿಯ ಸೆರಗು ಬಿಚ್ಚಿಕೊಂಡು ಕೇತಕಿಯ ನಿದ್ದೆ ಅವಳ ರೆಪ್ಪೆಗೆ ಮರಳಿತು. ನೆರಳುಗಳು ಒಂದೊಂದಾಗಿ ಕಳಚಿದವು; ಕೇತಕಿಯದು ಅವಳ ಕಾಲಿಗಂಟಿತು, ಉಳಿದವು ತಮ್ಮ ತಮ್ಮ ಮನೆಗೆ ಓಡಿದವು. ಕಿರೀಟದ ನೆರಳು ಅರಮನೆಗೆ ಹೋಯಿತು. ಪಾಪ, ಮಹಾರಾಜನಿಗೂ ಅವಳು ಅತ್ತೆಯೇ ಆಗಿದ್ದಳಂತೆ. ಅವಳದೇ ಆದದ್ದು ಅವಳಲ್ಲಿ ಏನೂ ಇರಲಿಲ್ಲ. ಕೊನೆಗೆ ಹೊಸ್ತಿಲ ಮೇಲೆ ಉಳಿದದ್ದು ಒಂದು ಖಾಲಿ ಸೀರೆ. ಉಡದ ಬಾಲ ಉದುರಿ ಎಳೆಯ ಹೆಂಗಸೊಬ್ಬಳು ಎದ್ದು ನಿಂತಳು. "ನಾನು ಬೊಮ್ಮಕ್ಕ! ನಾನು ಬೊಮ್ಮಕ್ಕ!" ಎಂದು ಕೂಗುತ್ತಾ ಊರ ಕಡೆಗೆ ಓಡಿದಳು.

"ನಾನು ಸತ್ತೆನಾ?" ಕೇಳಿದ ಮಲ್ಲೋಜ.

"ಇಲ್ಲ. ಎದ್ದು ಒಲೆ ಹೊತ್ತಿಸಿ," ಅಂದಳು ಕೇತಕಿ.

ಕೆಲವು ದಿನ ಕಳೆದು ಮಲ್ಲೋಜನ ನಿಜವಾದ ಸೋದರಮಾವ ಗಂಟುಮೂಟೆ ಸಮೇತ ಬಂದ. ಹಳೆಯ ಅಭ್ಯಾಸದಂತೆ 'ಬನ್ನಿ' ಎಂಬ ಮಾತು ಕೇತಕಿಯ ನಾಲಿಗೆಯ ತುದಿಗೆ ಬಂತು. ಆದರೂ ಹೇಳಿದಳು: "ಮಾವಾ, ಅರಮನೆಯ ಕೌದಿ ಮುಗೀಬೇಕು, ಈ ವಾರ ಆಗಲ್ಲ. ಮುಂದಿನ ವಾರ ಬನ್ನಿ."

ಮಾವ ಗೊಣಗಿದ, ಹೋದ. ಮುಂದಿನ ವಾರ ಹಲಸಿನ ಹಣ್ಣು ಹೊತ್ತು ಬಂದ. ಮಲ್ಲೋಜ ಕೈಗೆ ಎಣ್ಣೆ ಸವರಿಕೊಂಡು ತೊಳೆ ಬಿಡಿಸಿದ, ಕೇತಕಿ ಕೂತು ತಿಂದಳು. ಕುಂಭಾವತಿಯ ಪ್ರತಿ ಮನೆಯಲ್ಲೂ ಬಂದವರು ಸುಖವಾಗಿದ್ದರು, ಇದ್ದವರೂ ಸುಖವಾಗಿದ್ದರು.