ಸುಮ್ಮನೆ ನಿಂತ ಮೇಷ್ಟರು

ಹೆಂಡತಿಗೆ ಉಸಿರು ಕಟ್ಟಿದ ಸಂಜೆ ಮೇಷ್ಟರು ಮೊದಲು ಬಡಿದದ್ದು ಎದುರು ಮನೆಯ ಡಾಕ್ಟರ ಬಾಗಿಲನ್ನು. ಡಾಕ್ಟರು ಅರ್ಧ ಬಾಗಿಲು ತೆರೆದು, "ನಾನೀಗ ಡ್ಯೂಟೀಲಿಲ್ಲ. ಆಸ್ಪತ್ರೆಗೆ ಕರ್ಕೊಂಡು ಹೋಗಿ," ಎಂದು ಮುಚ್ಚಿಕೊಂಡರು. ಆಸ್ಪತ್ರೆ ಮುಟ್ಟುವ ಮೊದಲೇ, ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ, ಆಕೆ ಗಂಡನ ತೋಳಿನ ಮೇಲೆ ತಲೆಯಿಟ್ಟೇ ಹೋಗಿಬಿಟ್ಟಳು.

ಮೇಷ್ಟರು ಕೋರ್ಟಿಗೆ ಹೋದರು. ಆಕೆ ಡಾಕ್ಟರ ರೋಗಿಯಲ್ಲ, ನೋಡಿಕೊಳ್ಳುತ್ತೇನೆಂದು ಅವರು ಒಪ್ಪಿರಲೂ ಇಲ್ಲ; ಕರ್ತವ್ಯವೇ ಇಲ್ಲದ ಕಡೆ ಸುಮ್ಮನಿರುವುದು ಅಪರಾಧವಲ್ಲ ಎಂದರು ನ್ಯಾಯಾಧೀಶರು. ತೀರ್ಪು ತಪ್ಪಾಗಿದ್ದರೆ ಮೇಷ್ಟರು ಮೇಲಿನ ಕೋರ್ಟಿಗೆ ಹೋಗುತ್ತಿದ್ದರು. ಅದು ಸರಿಯಾಗಿಯೇ ಇತ್ತು. ಕಾನೂನು ಪರೀಕ್ಷೆಗೆ ಕೂರುವ ಮಕ್ಕಳಿಗೆ ಅವರೇ ವರ್ಷಗಟ್ಟಲೆ ಬರೆಸಿದ ಪಾಠ ಅದು.

ಮತ್ತೆ ಕ್ಲಾಸಿಗೆ ಹೋಗತೊಡಗಿದ ಮೇಲೆ ಒಂದು ದಿನ ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು.

"ಸರ್, ಈಜು ಬರೋನು ದಡದಲ್ಲಿ ನಿಂತು, ಮುಳುಗೋನ್ನ ಸುಮ್ನೆ ನೋಡ್ತಾ ಇದ್ರೆ? ಸಾಯ್ಲಿ ಅಂತ ಮನಸಲ್ಲಿದ್ರೂ ತಪ್ಪಲ್ವಾ?"

"ಬರೀ ಮನಸಲ್ಲಿರೋದಕ್ಕೆ ಶಿಕ್ಷೆ ಇಲ್ಲಮ್ಮ. ನೀರಿಗೆ ಅವನೇ ತಳ್ಳಿರಬಾರದು, ಕಾಪಾಡೋ ಹೊಣೆ ಅವನ ಮೇಲೆ ಇರಬಾರದು. ಅಷ್ಟೇ."

ಹೇಳುತ್ತ ಹೇಳುತ್ತ ಮೇಷ್ಟರ ಕೈಯಲ್ಲಿನ ಸೀಮೆಸುಣ್ಣ ಹಲಗೆಯ ಮೇಲೆ ನಿಂತಿತು.

ಡಾಕ್ಟರಿಗೆ ಈಗ ಹೃದಯದ ಕಾಯಿಲೆ. ಒಂಟಿ ಜೀವ. ಇಬ್ಬರ ಮನೆಯೂ ಇದ್ದ ಕಟ್ಟಡಕ್ಕೆ ಲಿಫ್ಟ್ ಇಲ್ಲ. ಸಂಜೆ ವಾಕಿಂಗ್ ಮುಗಿಸಿ ಬರುವಾಗ ಮೆಟ್ಟಿಲಿನ ಪ್ರತಿ ತಿರುವಿನಲ್ಲೂ ಎದೆ ಒತ್ತಿಕೊಂಡು ನಿಲ್ಲುತ್ತಿದ್ದರು. ಮೇಷ್ಟರ ಯೋಜನೆಯಲ್ಲಿ ವಿಷವಿರಲಿಲ್ಲ, ಚಾಕುವಿರಲಿಲ್ಲ. ಆ ಎದೆ ಕೈಕೊಡುವ ದಿನ ತಾನು ಹಿಂದೆಯೇ ಇರಬೇಕು, ಏನೂ ಮಾಡಬಾರದು. ಅಷ್ಟಕ್ಕಾಗಿ ತಮ್ಮ ವಾಕಿಂಗಿನ ಹೊತ್ತನ್ನು ಡಾಕ್ಟರ ಹೊತ್ತಿಗೆ ಹೊಂದಿಸಿಕೊಂಡರು.

ಉಳಿದದ್ದೆಲ್ಲ ಎಚ್ಚರಿಕೆ. ಕತ್ತಲಲ್ಲಿ ಎಡವಿದರು ಎಂಬ ಮಾತು ಬರಬಾರದೆಂದು ಮೆಟ್ಟಿಲ ಮೇಲಿನ ಕೆಟ್ಟ ಬಲ್ಬನ್ನು ತಾವೇ ಬದಲಿಸಿದರು. ಏನಾದರೂ ಆದರೆ ಇರಲೆಂದು ಡಾಕ್ಟರು ತಮ್ಮ ಮನೆಯ ಇನ್ನೊಂದು ಬೀಗದ ಕೈ ಕೊಡಲು ಬಂದಾಗ ಬೇಡವೆಂದರು. ಅವರ ತರಕಾರಿ ಚೀಲವನ್ನು ಒಮ್ಮೆಯೂ ಹಿಡಿಯಲಿಲ್ಲ. ಬಳಕೆ ಬೆಳೆದರೆ ಹೊಣೆ ಹುಟ್ಟೀತು.

"ಅವತ್ತಿಂದ ನನಗೂ ಸರಿಯಾಗಿ ನಿದ್ದೆ ಬರಲ್ಲ ಮೇಷ್ಟ್ರೇ," ಎಂದರು ಡಾಕ್ಟರು ಒಂದು ದಿನ, ಬಾಗಿಲ ಬಳಿ ನಿಂತು. "ಭಯ ಆಯ್ತು. ನನ್ನ ಕೈಯಲ್ಲೇ ಹೋಗ್ಬಿಟ್ರೆ ಅಂತ."

ಮೇಷ್ಟರು ಒಳಗೆ ಹೋಗಿ, ಹೆಂಡತಿಯ ಮಂಚದ ಅಂಚಿನಲ್ಲಿ ಬಹಳ ಹೊತ್ತು ಕುಳಿತರು.

ಮೇಷ್ಟರು ಕಾಯುತ್ತಿದ್ದ ದಿನ ಬಂದದ್ದು ಒಂದು ಭಾನುವಾರ ಸಂಜೆ. ಎರಡನೆಯ ತಿರುವಿನಲ್ಲಿ ಡಾಕ್ಟರು ಗೋಡೆಗೆ ಒರಗಿದವರು ಹಾಗೆಯೇ ಜಾರಿ ಕುಸಿದರು. ಜೇಬಿನಿಂದ ಬಿದ್ದ ಮಾತ್ರೆಯ ಡಬ್ಬಿ ಉರುಳುತ್ತ ಬಂದು ಮೇಷ್ಟರ ಕಾಲಿಗೆ ತಾಗಿತು. ಡಾಕ್ಟರು ಕೈ ಚಾಚಿದರು. ಮೇಷ್ಟರು ತಮ್ಮ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಕೆಳಗಿನ ಮನೆಯ ಹೊಲಿಗೆ ಯಂತ್ರ ನಿಂತಿತು; ಬಾಗಿಲು ತೆರೆದು ಟೈಲರಮ್ಮ ಏನು ಸದ್ದೆಂದು ಕೂಗಿದಳು. ಅವಳು ಮೇಲೆ ಬಂದರೆ ಎಲ್ಲ ಕೆಡುತ್ತಿತ್ತು. ಮೇಷ್ಟರು ಕಂಬಿಯ ಮೇಲಿಂದ ಬಗ್ಗಿ, ಸಮಾಧಾನವಾಗಿ ಮಾತಾಡಿ ಅವಳನ್ನು ಕಳಿಸಿದರು. ಯಂತ್ರ ಮತ್ತೆ ಶುರುವಾಯಿತು.

ಡಾಕ್ಟರ ಕಣ್ಣು ಬೇಡಿತು. ಆಮೇಲೆ ಬೇಡುವುದನ್ನು ಬಿಟ್ಟಿತು. ಇದು ನನಗೆ ಬರಬೇಕಾದ್ದೇ ಎಂಬಂತೆ ಮೇಷ್ಟರನ್ನು ನೋಡುತ್ತ ಉಳಿಯಿತು. ಈ ಗಳಿಗೆಯಲ್ಲಿ ಎದೆ ಹಗುರಾಗುವುದೆಂದು ಮೇಷ್ಟರು ಎಷ್ಟು ದಿನ ಕಾದಿದ್ದರು. ಆಗಲಿಲ್ಲ. ಉಸಿರಿಗೆ ಒದ್ದಾಡುವ ಮುಖಗಳೆಲ್ಲ ಒಂದೇ ಥರ ಇರುತ್ತವೆ. ಬಗ್ಗಿ ಡಬ್ಬಿ ಎತ್ತಬೇಕೆನಿಸಿತು. ಎತ್ತಲಿಲ್ಲ. ಎಲ್ಲ ಮುಗಿದ ಮೇಲೆ ಆಂಬುಲೆನ್ಸಿಗೆ ಫೋನ್ ಮಾಡಿ, ಹೆಣದ ಪಕ್ಕದಲ್ಲೇ ಕುಳಿತು ಅತ್ತರು. ಯಾರಿಗಾಗಿ ಎಂದು ಅವರಿಗೇ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಸಬ್‌ಇನ್‌ಸ್ಪೆಕ್ಟರ್ ಬಂದಳು. ಡಾಕ್ಟರು ಬಿದ್ದಾಗ ಏನು ಮಾಡಿದಿರಿ ಎಂದು ಕೇಳಿದಳು. "ಗಾಬರಿ ಆಯ್ತು. ಕೈಕಾಲೇ ಆಡ್ಲಿಲ್ಲ," ಎಂದರು ಮೇಷ್ಟರು. ಅವಳು ತಲೆಯಾಡಿಸಿ ಹೊರಡಲು ಎದ್ದಳು. ಬಾಗಿಲ ಬಳಿ ಟೈಲರಮ್ಮ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದಳು. "ಮೇಷ್ಟ್ರನ್ನ ಏನೂ ಅನ್ಬೇಡಿ ಮೇಡಂ, ದೊಡ್ಡ ಮನಸು ಅವರದು. ಡಾಕ್ಟ್ರಿಗೆ ಸುಸ್ತಾಗಿದೆ ಅಂದ್ರು, ಆಂಬುಲೆನ್ಸ್ ಕರೀಲಾ ಅಂತ ನಾನು ಫೋನ್ ಹಿಡ್ಕೊಂಡು ಕೇಳ್ದೆ. 'ಡಾಕ್ಟ್ರ ಜೊತೆ ನಾನಿದ್ದೀನಿ, ನಾನೇ ನೋಡ್ಕೋತೀನಿ, ನೀವು ಹೋಗಿ' ಅಂದ್ರು. ಆ ಮಾತು ನಂಬ್ಕೊಂಡೇ ನಾನು ಒಳಗೆ ಹೋದೆ." ಸಬ್‌ಇನ್‌ಸ್ಪೆಕ್ಟರ್ ಮತ್ತೆ ಕುಳಿತಳು. "ನೋಡ್ಕೋತೀನಿ ಅಂದ್ರಾ ಸರ್?" ಹೊಣೆ ನನ್ನದೆಂದು ಹೇಳಿ, ಬರುವ ನೆರವನ್ನು ತಡೆದವನು ಆಮೇಲೆ ಸುಮ್ಮನೆ ನಿಂತರೆ ಅದು ಅಪರಾಧವೇ ಆಗುತ್ತದೆ ಎಂಬುದನ್ನು ಮೇಷ್ಟರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಟೈಲರಮ್ಮ ಮೆಚ್ಚುಗೆಯಿಂದ ಅವರನ್ನೇ ನೋಡುತ್ತಿದ್ದಳು. "ಹೂಂ ಕಣಮ್ಮ," ಎಂದರು ಮೇಷ್ಟರು, "ಅಂದೆ."