ಎಡಗಿವಿಯ ಕಡೆಯ ಸ್ಪೀಕರ್

"ಸ್ಪೀಕರ್ ಜೋರ ಬೇಕ್ರಿ. ಭಾಳ ಜೋರ! ಕ್ಯಾಬಿನ್ ನಡಗಬೇಕು!"

ಲಾರಿಯಿಂದ ಇಳಿದವನ ಮೊದಲ ಮಾತೇ ಅದು. ಮಧುಮತಿ ಕೈಯಲ್ಲಿದ್ದ ಟೆಸ್ಟರನ್ನು ಟಪ್ಪನೆ ಕೆಳಗಿಟ್ಟಳು.

ದಾಂಡೇಲಿಯ ಹಳಿಯಾಳ ರಸ್ತೆಯಲ್ಲಿ ಅವಳಪ್ಪ ನಾಗಲಿಂಗಪ್ಪನ ಅಂಗಡಿ. ಲಾರಿಗಳ ವೈರಿಂಗ್ ಕೆಲಸ. ಅಪ್ಪನ ಕಣ್ಣು ಮಂಜಾದ ಮೇಲೆ ವೈರು ಹಿಡಿದವಳು ಮಗಳು.

"ಜೋಯಿಡಾ ಕಾಡಿನ್ಯಾಗ ಹಾಡ ಹಚ್ಕೊಂಡ ಮೆರಿಯಾಕೇನ್ರಿ? ಅಲ್ಲಿ ಮೂಕ ಪ್ರಾಣಿ ಅದಾವ. ಅಂಥಾ ಕೆಲಸ ನಾವ ಮಾಡೂದಿಲ್ಲ. ಹೋಗ್ರಿ!"

ಅವನ ಮುಖ ಸಣ್ಣದಾಯಿತು. ಲಾರಿಯತ್ತ ತಿರುಗಿದ. ಬಾಗಿಲಿಗೆ ಕೈ ಹಾಕಿದವನು ಮೆಲ್ಲಗೆ ಅಂದ...

"ಕೇಳಾವ್ರು ಕಾಡಿನ್ಯಾಗ ಇಲ್ರಿ. ಇಲ್ಲೇ ಅದಾರ."

ಮಧುಮತಿ ತಲೆಯೆತ್ತಿದಳು. ಕ್ಯಾಬಿನ್ನಿನ ಎಡಗಿಟಕಿಯಲ್ಲಿ ಹಣೆತುಂಬ ವಿಭೂತಿ ಧರಿಸಿದ ಮುದುಕಿಯೊಬ್ಬಳು ಎತ್ತಲೋ ನೋಡುತ್ತ ಕೂತಿದ್ದಳು. ಇಷ್ಟು ಕೂಗಾಡಿದರೂ ತಿರುಗಿರಲಿಲ್ಲ!

"ನಮ್ಮವ್ವ ಗುರುಸಿದ್ದವ್ವ. ಬಲಗಿವಿ ಪೂರಾ ಹೋಗೇತಿ, ಎಡಗಿವಿ ಅಷ್ಟ ಇಷ್ಟ. ನಮ್ಮೂರ ಇಂದೂರ ಭಜನಿಯೊಳಗ ತಾಳ ಹಾಕಾಕಿ ಇದ್ಲು. ಈಗ ಕೇಳೂದಿಲ್ಲ, ತಾಳ ತಪ್ಪತೈತಿ ಅಂತ ಬಿಟ್ಟಬಿಟ್ಟಾಳ. ಕಿವಿ ಮಷೀನ್ ಹಾಕಿದ್ರ ತಲಿ ಸಿಡೀತೈತಿ ಅಂತ ತಗದ ಇಡತಾಳ. ಭಜನಿ ಫೋನಿನ್ಯಾಗ ತುಂಬ್ಕೊಂಡ ಬಂದೇನಿ... ಜೋರ ಇದ್ರ ಕೇಳಬಹುದೇನೋ ಅಂತ..."

'ಅಯ್ಯೋ ಶಿವನೇ, ಎಂಥಾ ಮಾತ ಆಡಿದೆ ನಾನು!' ಮಧುಮತಿಯ ಕಿವಿ ಬಿಸಿಯಾಯಿತು.

"ಜೋರ ಬ್ಯಾಡ್ರಿ," ಅಂದಳು, ದನಿ ಇಳಿಸಿ. "ಹತ್ರ ಇಡೂಣು. ಅವ್ವಾರ ಎಡಗಿವಿ ಹತ್ರ."

ಅವನ ಹೆಸರು ಶಿವಯೋಗಿ. ಕೆಲಸ ಮುಗಿಯುವವರೆಗೂ ಟಾರ್ಚ್ ಹಿಡಿದುಕೊಂಡು ಪಕ್ಕದಲ್ಲೇ ಕೂತ. ಅವಳು ಮುದುಕಿಯ ಎಡಗಿವಿಯ ಪಕ್ಕಕ್ಕೆ ಸ್ಪೀಕರ್ ಕೂರಿಸಿದಳು, ಚಾಸಿಯ ಬಣ್ಣ ಕೆರೆದು ಅರ್ಥಿಂಗ್ ಬಿಗಿದಳು, ಬ್ಯಾಟರಿಯ ಬುಡದಲ್ಲೇ ಫ್ಯೂಜ್ ಕೂರಿಸಿದಳು.

"ಲಾರ್ಯಾಗ ಎರಡ ಬ್ಯಾಟರಿ ಕೂಡಿ ಇಪ್ಪತ್ನಾಕ ವೋಲ್ಟ್. ಆಂಪ್ಲಿಫೈಯರಿಗೆ ಹನ್ನೆರಡ ಸಾಕು. ಅದಕ್ಕ ನಡಕ ಈ ಕನ್ವರ್ಟರ್. ಕೆಲವರು ಒಂದ ಬ್ಯಾಟರಿಗಷ್ಟ ವೈರ್ ಹಚ್ಚತಾರ. ಹಂಗ ಮಾಡಿದ್ರ ಒಂದ ಸೋಲತೈತಿ, ಇನ್ನೊಂದ ಕುದೀತೈತಿ. ಜೋಡೆತ್ತಿನ್ಯಾಗ ಒಂದರ ಹೆಗಲಿಗಷ್ಟ ಭಾರ ಹೊರಿಸಿದಂಗ. ನನ್ನ ಕೇಳದ ಒಂದ ವೈರ್ ಮುಟ್ಟಬಾರದು. ಮಾತ ಕೊಡ್ರಿ."

"ಕೊಟ್ಟೆ, ಮಿಸ್ತ್ರಿಯವ್ರ," ಅಂದ ಶಿವಯೋಗಿ. ನಗು ಬಂದರೂ ನಗಲಿಲ್ಲ.

ಕೊನೆಗೆ ಅವಳು ಫ್ಯೂಜಿನ ಪಕ್ಕದ ವೈರಿಗೆ ಕೆಂಪು ದಾರ ಒಂದು ಸುತ್ತು ಕಟ್ಟಿ, ಬ್ಯಾಟರಿಗೆ ಚಿಟಿಕೆ ವಿಭೂತಿ ಹಚ್ಚಿದಳು. ಅಪ್ಪ ಕಲಿಸಿದ ರೂಢಿ ಅದು.

ಹಾಡು ಶುರುವಾಯಿತು. ಗುರುಸಿದ್ದವ್ವ ಮೊದಲು ಅಲುಗಲಿಲ್ಲ. ಮಧುಮತಿ ದನಿಯನ್ನು ತುಸು ತುಸುವೇ ಏರಿಸಿದಳು... ಮುದುಕಿಯ ಕುತ್ತಿಗೆ ಎಡಕ್ಕೆ ವಾಲಿತು. ತೊಡೆಯ ಮೇಲಿದ್ದ ಎರಡು ಬೆರಳು ಎದ್ದವು. ಬಿದ್ದವು. ಮತ್ತೆ ಎದ್ದವು.

ತಾಳ!

ಒಂದೂ ತಪ್ಪಲಿಲ್ಲ. ಶಿವಯೋಗಿ ಆ ಕಡೆ ತಿರುಗಿ ನಿಂತು ಹೆಗಲ ಮೇಲಿನ ಟಾವೆಲ್ಲಿನಿಂದ ಮುಖ ಒರೆಸಿಕೊಂಡ. ಆ ಬೆನ್ನು ನೋಡುತ್ತ ನಿಂತ ಮಧುಮತಿಯ ಮನಸ್ಸು ಅಲ್ಲೇ ಉಳಿಯಿತು.

ಆಮೇಲೆ ಕಾಗದದ ಮಿಲ್ಲಿಗೆ ಲೋಡು ತಂದಾಗಲೆಲ್ಲ ಅವನ ಲಾರಿ ಅಂಗಡಿಯ ಮುಂದೆ ನಿಲ್ಲುತ್ತಿತ್ತು. ಒಮ್ಮೆ ಹಾರ್ನ್ ಕೆಟ್ಟಿದೆಯೆಂದು, ಒಮ್ಮೆ ಹಿಂದಿನ ದೀಪ ಸುಟ್ಟಿದೆಯೆಂದು.

"ಇವನ ಲಾರ್ಯಾಗ ಇಷ್ಟ ಬಲ್ಬ್ ಸುಡತಾವಂದ್ರ ನಾವೊಂದ ಬಲ್ಬಿನ ಕಾರ್ಖಾನಿನ ತಗೀಬೇಕವ್ವಾ," ಅಂದು ನಾಗಲಿಂಗಪ್ಪ ನಕ್ಕಾಗ ಮಗಳು ಒಳಗೆ ಓಡಿದ್ದಳು.

ಹಾಗೆ ಬರುತ್ತಿದ್ದವನು ಬೇಸಿಗೆಯ ಒಂದು ಅಮಾವಾಸ್ಯೆ ಕಳೆದ ಮೇಲೆ ಬರುವುದನ್ನೇ ಬಿಟ್ಟ!

ಆ ವಾರವೇ ಕಟ್ಟಿಗೆ ಲಾರಿಯ ಗೂಳಪ್ಪ ಸುದ್ದಿ ತಂದ.

"ಶಿವಯೋಗಿ ಅವ್ವನ್ನ ಕರ್ಕೊಂಡ ಉಳವಿಗೆ ದೇವರ ದರ್ಶನಕ್ಕ ಹೊಂಟಿದ್ದ. ಜೋಯಿಡಾ ದಾರ್ಯಾಗ ಲಾರಿ ನಿಂತಬಿಡ್ತು. ಬ್ಯಾಟರಿ ಕುದ್ದ ಹೋಗಿತ್ತ ನೋಡ. ಪಾಪ, ಮುದುಕಿ ಉಳವಿ ಕಾಣದ ತಿರುಗಿ ಬಂತು. ವೈರಿಂಗ್ ಯಾರ ಮಾಡಿದ್ರೋ ಅಂತ ಕೇಳಿದೆ... ತಲಿ ಕೆಳಗ ಹಾಕಿದ. ಒಂದ ಮಾತ ಆಡಲಿಲ್ಲ."

ಕೇಳಿದವರೆಲ್ಲ ಆ ಮೌನಕ್ಕೆ ಒಂದೇ ಅರ್ಥ ಕಟ್ಟಿದರು. ಇಬ್ಬರು ಗಿರಾಕಿಗಳು ಅಂಗಡಿಯ ಮುಂದೆ ನಿಲ್ಲಿಸಿದ ಲಾರಿಯನ್ನು ಮುಂದಿನ ಅಂಗಡಿಗೆ ಒಯ್ದರು.

'ನನ್ನ ಕೈ ತಪ್ಪಿತೇನು? ಯಾವ ಬೋಲ್ಟ್ ಸಡಿಲ ಬಿಟ್ಟೆ? ಸಿಟ್ಟಿದ್ರ ಬಂದ ಬೈಬಾರದೇನು?' ಫೋನು ಕೈಗೆತ್ತಿಕೊಂಡಳು, ಇಟ್ಟಳು. ಗಿರಾಕಿ ಹೋದದ್ದಕ್ಕಿಂತ ಅವನ ಮೌನವೇ ಅವಳನ್ನು ಹೆಚ್ಚು ಸುಟ್ಟಿತು...

ಮುಂದಿನ ಅಮಾವಾಸ್ಯೆ ಬಂತು. ಅಂದು ಬಹಳಷ್ಟು ಲಾರಿಗಳು ಊರು ಬಿಟ್ಟು ಹೊರಡುವುದಿಲ್ಲ. ಅವನೂ ಮನೆಯಲ್ಲೇ ಇರುತ್ತಾನೆ. ಬೆಳಿಗ್ಗೆಯೇ ಮಧುಮತಿ ಚೀಲಕ್ಕೆ ವೈರು ಕತ್ತರಿಸುವ ಪಕ್ಕಡ್, ಟೆಸ್ಟರ್ ಹಾಕಿದಳು. ಆಮೇಲೆ ನೆನಪಾಗಿ ನಿಂತಳು.

"ಅಪ್ಪಾ, ಅಮಾಸಿ ದಿವಸ ನಾವು ವೈರ್ ಮುಟ್ಟೂದಿಲ್ಲಲ್ಲ?"

ನಾಗಲಿಂಗಪ್ಪ ದೇವರ ಮುಂದಿನ ವಿಭೂತಿಗಟ್ಟಿಯನ್ನು ಅವಳ ಚೀಲಕ್ಕೆ ಹಾಕಿದ. "ತಪ್ಪ ತಿದ್ದಾಕ ಅಮಾಸಿ ಅಡ್ಡ ಬರೂದಿಲ್ಲವ್ವಾ. ನಮ್ಮ ತಪ್ಪ ಇದ್ರ ಸರಿ ಮಾಡಿ ಬಾ. ಇಲ್ಲದಿದ್ರೂ ಸರಿ ಮಾಡೇ ಬಾ."

ಬಸ್ಸು ಬದಲಿಸುತ್ತ ಮುಂಡಗೋಡ ದಾಟಿ ಇಂದೂರಿಗೆ ಬಂದಾಗ ಮಧ್ಯಾಹ್ನ. ಬೇವಿನ ಗಿಡದ ನೆರಳಿಗೆ ಲಾರಿ ನಿಂತಿತ್ತು. ಕ್ಯಾಬಿನ್ನಿನ ಎಡಗಿಟಕಿಯಲ್ಲಿ ಗುರುಸಿದ್ದವ್ವ ತನ್ನ ಜಾಗದಲ್ಲೇ ಕೂತು ಬತ್ತಿ ಹೊಸೆಯುತ್ತಿದ್ದಳು!

ಮಧುಮತಿ ಯಾರನ್ನೂ ಕರೆಯಲಿಲ್ಲ. ನೇರವಾಗಿ ಬ್ಯಾಟರಿ ಪೆಟ್ಟಿಗೆಯ ಮುಚ್ಚಳ ತೆಗೆದಳು.

ಕೆಂಪು ದಾರ ಇದ್ದಲ್ಲೇ ಇತ್ತು. ಫ್ಯೂಜ್ ಸುಟ್ಟಿರಲಿಲ್ಲ. ಅರ್ಥಿಂಗ್ ಬಿಗಿಯಾಗಿತ್ತು. ಆದರೆ ಒಂದೇ ಬ್ಯಾಟರಿಗೆ ಜೋಡಿಸಿದ ಹಳದಿ ವೈರೊಂದು ಸುರುಳಿ ಸುತ್ತಿಕೊಂಡು ನೇತಾಡುತ್ತಿತ್ತು. ಅದು ಅವಳದಲ್ಲ!

ತಿಂಗಳಿಂದ ಎದೆಯಲ್ಲಿ ಕಟ್ಟಿಕೊಂಡಿದ್ದ ಉಸಿರು ಒಮ್ಮೆಲೇ ಹೊರಬಿತ್ತು. ಅವಳು ಅಲ್ಲೇ ಗಾಲಿಗೆ ಒರಗಿ ಕೂತುಬಿಟ್ಟಳು.

"ಅದು... ನಾ ಹಚ್ಚಿದ್ದು."

ಶಿವಯೋಗಿ ಎದುರಿಗೇ ನಿಂತಿದ್ದ. ಕೈಯಲ್ಲಿ ನೀರಿನ ಚರಿಗೆ.

"ಅವ್ವಗ ಸೆಕಿ ತಡಿಯಾಕಾಗ್ತಿರಲಿಲ್ಲ. ಹನ್ನೆರಡ ವೋಲ್ಟಿನ ಸಣ್ಣ ಫ್ಯಾನ್ ತಂದೆ. ಅವತ್ತ ಅಮಾಸಿ, ನೀವ ವೈರ್ ಮುಟ್ಟೂದಿಲ್ಲ. ಮರುದಿನ ಉಳವಿಗೆ ಹೊರಡೂದಿತ್ತು. ನಾನ ಹಚ್ಚಿದೆ. ನೀವು ಅಂದಂಗ ಆತು, ಒಂದ ಸೋತ್ತು, ಇನ್ನೊಂದ ಕುದೀತು."

"ಮತ್ತ ಗೂಳಪ್ಪ ಕಾಕಾ ಕೇಳಿದಾಗ ಯಾಕ ಸುಮ್ನಿದ್ರಿ? ಊರಮಂದಿ ನನ್ನ ಕೈಗೆ ಕೆಟ್ಟ ಹೆಸರಿಟ್ರು! ನೀವ ಸಿಟ್ಟಾಗೇರಿ ಅಂತ ನಾ ಎಷ್ಟ..."

"ಸಿಟ್ಟ? ನಿಮ್ಮ ಮ್ಯಾಲ?" ಅವನ ಕೈಯ ಚರಿಗೆ ತುಳುಕಿತು. "ಕೊಟ್ಟ ಮಾತ ಮುರದಾಂವ ನಾನ್ರಿ! ನಾಚಿಕಿಗೆ ಬಾಯಿ ಬರಲಿಲ್ಲ. ಅದು ನಿಮ್ಮ ತಲಿ ಮ್ಯಾಲ ಬಂದೀತು ಅಂತ ಖರೇನ ಹೊಳಿಲಿಲ್ಲ. ನಾಳೆನ ದಾಂಡೇಲಿಗೆ ಬಂದು ಎಲ್ಲಾರ ಮುಂದ ಹೇಳತೇನಿ."

"ಬ್ಯಾಟರಿ ಚಾರ್ಜ್ ಮಾಡಿಸಿ ತಂದೀರಿ. ಈ ವೈರ್ ಯಾಕ ಕಿತ್ತಿಲ್ಲ?"

"ಕಿತ್ತ ಒಗದಿದ್ರ ತಪ್ಪ ಮುಚ್ಚಿಟ್ಟಂಗ ಆಗ್ತಿತ್ತು. ನಿಮಗ ತೋರಿಸಬೇಕು ಅಂತ ಬಿಟ್ಟೆ... ಬರಾಕ ಧೈರ್ಯ ಬರಲಿಲ್ಲ, ಅಷ್ಟ."

ಮಧುಮತಿ ಅವನ ಮುಖವನ್ನೇ ನೋಡಿದಳು. ತನ್ನ ತಪ್ಪನ್ನು ಒಂದು ತಿಂಗಳು ಜೋಪಾನ ಮಾಡಿಟ್ಟ ಮನುಷ್ಯ! ಕಣ್ಣೀರು, ನಗು ಎರಡೂ ಕೂಡಿ ಬಂದವು. ಪಕ್ಕಡ್ ತೆಗೆದು ಹಳದಿ ವೈರನ್ನು ಕಿತ್ತಳು. ಫ್ಯಾನನ್ನು ಕನ್ವರ್ಟರಿಗೆ ಜೋಡಿಸಿ, ಆ ವೈರಿಗೂ ಕೆಂಪು ದಾರ ಒಂದು ಸುತ್ತು ಕಟ್ಟಿದಳು.

"ಮಿಸ್ತ್ರಿಯವ್ರ..." ಶಿವಯೋಗಿಯ ದನಿ ಪಿಸುಮಾತಿಗಿಳಿದಿತ್ತು. "ಅಷ್ಟ ಬಲ್ಬ್ ಸುಟ್ಟಿರಲಿಲ್ರಿ. ನಾನ ಬಿಚ್ಚಿ ತರತಿದ್ದೆ. ನಿಮ್ಮನ್ನ ನೋಡಾಕ. ನಾ ನಿಮ್ಮನ್ನ..."

"ಏ ತಮ್ಮಾ!" ಮೇಲಿನ ಕಿಟಕಿಯಿಂದ ಗುರುಸಿದ್ದವ್ವನ ತಲೆ ಹೊರಗೆ ಬಂತು. "ಆ ಹುಡುಗಿ ಅಳಾಕತ್ತಾಳ, ನೀ ಬರೇ ತುಟಿ ಆಡಸ್ತಿ! ಏನ ಹೇಳೂದೈತಿ ಜೋರ ಹೇಳೋ, ನನಗೂ ಕೇಳಲಿ!"

ಅವನು ಕಿವಿಯವರೆಗೂ ಕೆಂಪಾದ. ಆದರೂ ಹೇಳಿದ. ಬೇವಿನ ಗಿಡದ ಕಾಗೆಗಳು ಹಾರಿಹೋಗುವಷ್ಟು ಜೋರಾಗಿ.

"ಯವ್ವಾ, ಈಕಿನ್ನ ಮದುವಿ ಆಗಬೇಕಂತ ಮನಸೈತಿ! ಈಕಿ ಒಪ್ಪಿದ್ರ!"

ಮಧುಮತಿ ಪಕ್ಕಡ್ ಚೀಲಕ್ಕೆ ಹಾಕಿದಳು. ಎಡಬಾಗಿಲ ಮೆಟ್ಟಿಲೇರಿ ಚೀಲದಿಂದ ವಿಭೂತಿ ತೆಗೆದು ಮುದುಕಿಯ ಕೈಗಿಟ್ಟಳು. ಅವಳ ಎಡಗಿವಿಗೆ ಬಾಗಿ, ಮೆಲ್ಲಗೆ, ಬಹಳ ಮೆಲ್ಲಗೆ ಕೇಳಿದಳು.

"ಅತ್ತೀ... ನಾಳೆ ಮೂವರೂ ಉಳವಿಗೆ ಹೋಗೂಣೇನ್ರಿ?"

ಗುರುಸಿದ್ದವ್ವ ಅವಳ ಹಣೆಗೆ ವಿಭೂತಿ ಹಚ್ಚಿದಳು. ಕೆಳಗೆ ಉಸಿರು ಬಿಗಿಹಿಡಿದು ನಿಂತ ಮಗನತ್ತ ನೋಡಿ ಬೊಚ್ಚುಬಾಯಿ ತುಂಬ ನಕ್ಕಳು.

"ಚಂದಂಗ ಕೇಳಿಸ್ತವ್ವಾ."